ನಲ್ಲಿ ನೀರಲ್ಲಿ ತೊಳೆದ ಮಾವಿನ ಮಿಡಿ

ಒಂಬತ್ತು ವರ್ಷದ ಮೇಲೆ ನನ್ನ ಮಗಳು ನನ್ನನ್ನು ಬೈದಳು. ಈ ಸಂತೋಷವನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಅನ್ನ ಸೇರುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಯುಗಾದಿ ಕಳೆದು ಹದಿನೈದು ದಿನಕ್ಕೆ ನನ್ನ ಹೆಂಡತಿ ತೀರಿಕೊಂಡಳು. ಬೆಳಿಗ್ಗೆ ಎದೆ ನೋವು ಅಂದಳು, ಆಟೋ ತರುವಷ್ಟರಲ್ಲಿ ಹೋಗಿಬಿಟ್ಟಳು. ಭದ್ರಾವತಿ ಜನ್ನಾಪುರದ ನಮ್ಮ ಮನೆ ಮುಂದೆ ಶಾಮಿಯಾನ ಹಾಕಿ ಅವಳನ್ನು ಕೂರಿಸಿದ್ದರು. ಶಿವಮೊಗ್ಗದಿಂದ ಮಗಳು ಬಂದಳು, ಅಮ್ಮನ ಕಾಲು ಹಿಡಿದು ಅತ್ತಳು. ನಾವು ಮಣ್ಣು ಮಾಡಿ ಬರುವಷ್ಟರಲ್ಲಿ ಹೊರಟುಹೋಗಿದ್ದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ತಪ್ಪು ಅವಳದಲ್ಲ. ನಾನು ಕಾಗದದ ಕಾರ್ಖಾನೆಯಲ್ಲಿದ್ದಾಗ ಕಾಗದನಗರದ ಕ್ವಾರ್ಟರ್ಸ್‌ನಲ್ಲಿ ನಮ್ಮ ಹಿಂದಿನ ಸಾಲಿಗೆ ಒಂದು ತಮಿಳು ಕುಟುಂಬವಿತ್ತು. ಆ ಮನೆಯ ಯಜಮಾನರೂ ನಾನೂ ಒಂದೇ ಶಿಫ್ಟು. ಅವರ ಡಬ್ಬಿಯ ಪುಳಿಯೋಗರೆ ನನಗೆ, ನನ್ನ ಡಬ್ಬಿಯ ರೊಟ್ಟಿ ಅವರಿಗೆ. ಅಷ್ಟು ವರ್ಷ ಬೇರೆ ಜನ ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಅವರ ಮಗನನ್ನು ಮದುವೆಯಾಗುತ್ತೇನೆ ಎಂದು ನನ್ನ ಮಗಳು ಹೇಳಿದ ದಿನ ಅನ್ನಿಸಿತು. "ನಾನು ಸತ್ತರೂ ಬರಬೇಡ" ಎಂದುಬಿಟ್ಟೆ. ಅವಳು ರಿಜಿಸ್ಟರ್ ಮದುವೆ ಮಾಡಿಕೊಂಡಳು. ಆಮೇಲೆ ಮೊಮ್ಮಗಳು ಹುಟ್ಟಿದಳು. ನಾನು ನೋಡಲು ಹೋಗಲಿಲ್ಲ.

ಹೆಂಡತಿ ಹೋಗುತ್ತಿದ್ದಳು. ಕಣ್ಣಿನ ಡಾಕ್ಟರು, ಬ್ಲೌಸ್ ಹೊಲಿಯಲು ಕೊಟ್ಟಿದ್ದು, ಹೀಗೆ ಏನೋ ಒಂದು ಹೇಳಿ ಶಿವಮೊಗ್ಗದ ಬಸ್ಸು ಹತ್ತುವಳು. ಪ್ರತಿ ಬೇಸಿಗೆಯಲ್ಲೂ ಮಾವಿನ ಮಿಡಿ ಉಪ್ಪಿನಕಾಯಿ ಎರಡು ಜಾಡಿ ಹಾಕುತ್ತಿದ್ದಳು, ನಮ್ಮ ಮನೆಯಲ್ಲಿ ಉಳಿಯುತ್ತಿದ್ದುದು ಒಂದೇ. ಇನ್ನೊಂದು ಎಲ್ಲಿ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಒಂದು ಸಲ ನಾನೂ ಗುಟ್ಟಾಗಿ ಶಿವಮೊಗ್ಗದ ಗೋಪಾಳದ ತನಕ ಹೋಗಿದ್ದೆ. ಮಗಳ ಮನೆ ಎದುರಿನ ಅಂಗಡಿಯಲ್ಲಿ ಎರಡು ಟೀ ಕುಡಿದು ವಾಪಸ್ ಬಂದೆ. ರಸ್ತೆ ದಾಟುವುದು ನನ್ನಿಂದ ಆಗಲಿಲ್ಲ.

ಹೆಂಡತಿ ಹೋಗಿ ಮೂರು ವಾರವಾಗಿತ್ತು. ಅಡಿಗೆಮನೆಯ ಕಟ್ಟೆ ಕೆಳಗೆ ಬಾಯಿಗೆ ಬಟ್ಟೆ ಕಟ್ಟಿದ ದೊಡ್ಡ ಜಾಡಿಯೊಂದು ಕಣ್ಣಿಗೆ ಬಿತ್ತು. ಬಿಚ್ಚಿ ನೋಡಿದರೆ ಈ ವರ್ಷದ ಮಿಡಿ. ಉಪ್ಪಿನಲ್ಲಿ ಹಾಕಿಟ್ಟಿದ್ದಳು, ಖಾರ ರುಬ್ಬಿ ಬೆರೆಸುವುದು ಬಾಕಿ. ಮಿಡಿಗಳೆಲ್ಲ ಮುದುಕರ ಕೆನ್ನೆಯ ಹಾಗೆ ಚಿರುಟಿದ್ದವು, ಸುತ್ತಲೂ ಮಬ್ಬು ನೀರು. ಕೆಟ್ಟೇ ಹೋಯಿತು ಎಂದುಕೊಂಡೆ. ಕಾರ್ಖಾನೆಯಲ್ಲಿ ನನ್ನ ಕೆಲಸ ಬಿದಿರಿನ ತಿರುಳು ತೊಳೆಯುವ ವಿಭಾಗದಲ್ಲಿತ್ತು. ಕಪ್ಪು ನೀರು ಹೋಗುವ ತನಕ ತೊಳೆ, ಮತ್ತೆ ತೊಳೆ. ನನಗೆ ಗೊತ್ತಿದ್ದ ವಿದ್ಯೆ ಅದೊಂದೇ. ಅರ್ಧದಷ್ಟು ಮಿಡಿಯನ್ನು ಬುಟ್ಟಿಗೆ ಸುರಿದು, ಜೊತೆಗೆ ಬಂದ ನೀರು ಚೆಲ್ಲಿ, ನಲ್ಲಿ ಕೆಳಗಿಟ್ಟು ಚೆನ್ನಾಗಿ ಉಜ್ಜಿ ತೊಳೆದೆ. ತೊಳೆದಷ್ಟೂ ಪರಿಮಳ ಹೋಗುತ್ತಾ ಬಂತು. ಆಗ ಕೈ ನಿಂತಿತು.

ಅವಳ ಕೈಯ ಕೊನೆಯ ಕೆಲಸ ಅದು. ಅದನ್ನೂ ಹಾಳು ಮಾಡಿದೆನಲ್ಲ ಎಂದು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅವಳ ಕೈಯ ಹದ ಗೊತ್ತಿದ್ದವಳು ಲೋಕದಲ್ಲಿ ಇನ್ನೊಬ್ಬಳೇ. ಬಾಗಿಲು ಮುಚ್ಚಿದರೆ ಮುಚ್ಚಲಿ, ಈ ಸಲ ರಸ್ತೆ ದಾಟಲೇಬೇಕು ಎಂದುಕೊಂಡೆ. ತೊಳೆದದ್ದನ್ನು ಡಬ್ಬಿಗೆ ತುಂಬಿ, ಜಾಡಿಯನ್ನು ತೊಡೆ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ.

"ಯಜಮಾನ್ರೇ, ಮಗು ಮಲಗಿದ್ಯಾ?" ಎಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು. ನಾನು ಜಾಡಿಯನ್ನು ಇನ್ನೂ ಗಟ್ಟಿಯಾಗಿ ಅಪ್ಪಿಕೊಂಡೆ.

ಮಗಳ ಮನೆ ಬಾಗಿಲು ತೆಗೆದದ್ದು ಎರಡು ಜಡೆಯ, ಮುಂದಿನ ಹಲ್ಲಿಲ್ಲದ ಹುಡುಗಿ. ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಕೂಗಿದಳು.

"ಅಮ್ಮಾ, ಉಪ್ಪಿನಕಾಯಿ ಮಾರೋರು ಬಂದಿದಾರೆ! ಬೇಡ ಅನ್ಲಾ?"

ಮಗಳು ಬಂದಳು. ನನ್ನನ್ನು ನೋಡಿದಳು, ಜಾಡಿ ನೋಡಿದಳು. ಅವಳ ಮುಖ ಬಿಗಿಯಿತು. ಬಸ್ಸಿನುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ನನಗೆ ಮರೆತುಹೋಯಿತು.

"ನಿಮ್ಮಮ್ಮ ಹಾಕಿಟ್ಟಿದ್ದು," ಎಂದೆ. "ಕೆಟ್ಟಿದೆ ಅಂತ ಅರ್ಧ ತೊಳೆದುಬಿಟ್ಟೆ."

"ಯಾವ ನೀರಲ್ಲಿ?"

"ನಲ್ಲಿ ನೀರಲ್ಲಿ."

"ಅಯ್ಯೋ ಅಪ್ಪಾಜಿ! ಮಿಡಿನ ನಲ್ಲಿ ನೀರಲ್ಲಿ ಯಾರಾದ್ರೂ ತೊಳೀತಾರಾ? ಚಿರುಟಿದ್ರೇನೇ ಅದು ಹದ! ಆ ಉಪ್ಪು ನೀರಲ್ಲೇ ಖಾರ ಕಲಸೋದು. ಅದನ್ನೂ ಚೆಲ್ಲಿದ್ರಾ?"

"ಅರ್ಧ ಇದೆ."

"ಅರ್ಧ ಇದೆಯಂತೆ! ಇಷ್ಟು ವರ್ಷ ತಟ್ಟೆಗೆ ಬಂದಿದ್ದು ತಿಂದ್ರಿ, ಒಂದಿನ ಅಡಿಗೆಮನೆಗೆ ಇಣುಕಿದ್ರಾ? ಏನು ಬಾಗಿಲಲ್ಲೇ ನಿಂತಿದೀರಾ, ಜಾಡಿ ಕೊಡಿ ಇಲ್ಲಿ, ಬೀಳ್ಸಿಬಿಡ್ತೀರ!"

ಅವಳು ಇನ್ನೂ ಏನೇನೋ ಬೈದಳು. ನನ್ನ ಕಿವಿಗೆ ಬಿದ್ದದ್ದು "ಅಪ್ಪಾಜಿ" ಅನ್ನುವುದು ಒಂದೇ.

ತೊಳೆದ ಮಿಡಿಯನ್ನು ಅವಳು ಬಿಳಿ ಪಂಚೆಗೆ ಸುರಿದು, ಬಿಸಿಲಿಗೆ ಹರವಿಡಿ ಎಂದು ನನ್ನ ಕೈಗೆ ಕೊಟ್ಟಳು. ಉಪ್ಪು ನೀರು ಕುದಿಸಿ ಆರಲಿಟ್ಟಳು. ತೊಳೆದದ್ದನ್ನು ಬೇರೆಯಾಗಿ ಹಾಕಿ ಬೇಗ ತಿಂದು ಮುಗಿಸಬೇಕಂತೆ. ಸಾಸಿವೆ ಹುರಿಯುವಾಗ ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒಲೆ ಕಡೆಗೇ ಮುಖ ಮಾಡಿ ಹೇಳಿದಳು.

"ಅಮ್ಮ ಇದ್ದಾಗ ಬರಬೇಕಿತ್ತು ಅಪ್ಪಾಜಿ."

"ಹೂಂ ಕಣವ್ವ. ತಪ್ಪು ನಂದೇ. ನಿನ್ನ ಗಂಡನದ್ದೂ ಅಲ್ಲ, ಅವರಪ್ಪಂದೂ ಅಲ್ಲ."

ಇಷ್ಟು ಸಣ್ಣ ಮಾತು ನೋಡಿ. ಇದನ್ನು ಹೇಳಲು ನನಗೆ ಒಂಬತ್ತು ವರ್ಷ ಬೇಕಾಯಿತು. ಇದನ್ನು ಕೇಳಲು ನನ್ನ ಹೆಂಡತಿ ಇರಲಿಲ್ಲ ಎನ್ನುವ ಕೊರಗು ನನ್ನ ಜೊತೆಯೇ ಮಣ್ಣಿಗೆ ಹೋಗುತ್ತದೆ. ಮಗಳು ಒಂದು ಲೋಟ ಮಜ್ಜಿಗೆ ತಂದು ನನ್ನ ಮುಂದಿಟ್ಟಳು.

ಹೊರಗೆ ಮೊಮ್ಮಗಳು ಮಿಡಿ ಎಣಿಸುತ್ತಿದ್ದಳು. "ನೀವು ನಮ್ಮಮ್ಮನ ಅಪ್ಪನಾ? ನಂಗೆ ಆಗ್ಲೇ ಒಬ್ರು ತಾತ ಇದಾರಲ್ಲ."

"ಹಂಗಾದ್ರೆ ನಾನು ಅಜ್ಜ."

ಸ್ವಲ್ಪ ಯೋಚಿಸಿದಳು. "ಅಜ್ಜಿ ಹೇಳಿದ್ರು, ನೀವು ಸೀನಿದ್ರೆ ಬೀದಿಗೆಲ್ಲ ಕೇಳ್ಸತ್ತಂತೆ. ಸೀನಿ, ನೋಡಣ!"

ನನ್ನ ಸೀನಿನ ತನಕ ಹೇಳಿಟ್ಟು ಹೋಗಿದ್ದಾಳೆ ಪುಣ್ಯಾತ್ಗಿತ್ತಿ! ನಾನು ಸುಳ್ಳೇ ಜೋರಾಗಿ ಸೀನಿದೆ. ಮಗು ಬಿದ್ದು ಬಿದ್ದು ನಕ್ಕಿತು. ಅಡಿಗೆಮನೆಯಿಂದಲೂ ನಗು ಕೇಳಿಸಿತು.

ಸಂಜೆ ಅಳಿಯ ಕೆಲಸ ಮುಗಿಸಿ ಬಂದ. ನಾನು ದಡಬಡನೆ ಎದ್ದು ಚಪ್ಪಲಿ ಹುಡುಕಿದೆ. ಅವನು ಹೆಲ್ಮೆಟ್ ಕೆಳಗಿಟ್ಟು ನನ್ನ ಕಡೆಗೆ ಕುರ್ಚಿ ಎಳೆದ.

"ಕೂತ್ಕೊಳ್ಳಿ ಮಾವ. ಅಪ್ಪ ಈಗ್ಲೂ ಕೇಳ್ತಿರ್ತಾರೆ, ನಮ್ಮ ರೊಟ್ಟಿ ಪಾರ್ಟಿ ಹೆಂಗಿದಾರೋ ಅಂತ."

ಎರಡು ದಿನ ಅಲ್ಲೇ ಇದ್ದೆ. ಹೊರಡುವಾಗ ಮಗಳು ಕೇಳಿದಳು, "ಮನೆ ಗುಡಿಸ್ತೀರೋ ಇಲ್ವೋ?" ನಾನು ತಲೆ ತಗ್ಗಿಸಿದೆ. "ಭಾನುವಾರ ನಾವು ಬರ್ತೀವಿ. ಅಷ್ಟರಲ್ಲಿ ಗುಡಿಸಿಟ್ಟಿರಿ. ಗುಡಿಸಿ ಅಂದೆ, ನೀರು ಹಾಕಿ ತೊಳೆಯೋಕೆ ಹೋಗ್ಬೇಡಿ ಮತ್ತೆ!"

ಇವತ್ತು ಶನಿವಾರ. ಬೆಳಿಗ್ಗೆಯಿಂದ ಮೂರು ಸಲ ಗುಡಿಸಿದ್ದೇನೆ. ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ, "ಏನ್ರೀ ಅಜ್ಜಾರೇ, ಯಾರು ಬರ್ತಾರೆ?" ಎಂದು ಕೇಳಿದರು. ಮಗಳು, ಅಳಿಯ, ಮೊಮ್ಮಗಳು ಎಂದೆ. ಅವರಿಗೆ ಕೇಳಿಸಿತ್ತು. ಆದರೂ ಇನ್ನೊಂದು ಸಲ ಹೇಳಿದೆ.