ನಾಲ್ಕು ಹಳೇ ಸ್ಪ್ರಿಂಗು

ಹೈದರಾಬಾದಿನ ನಾಚಾರಂನಲ್ಲಿ ಬೈಕಿನ ಕ್ಲಚ್ ಕೆಲಸಕ್ಕೆ ನಮ್ಮ ಕಾಶಿನಾಥ ಕಾಕಾನನ್ನು ಬಿಟ್ಟರೆ ಬೇರೆ ಕೈಯಿಲ್ಲ ಎನ್ನುತ್ತಾರೆ. ಆದರೆ ಆತನ ಸ್ವಂತ ಗಾಡಿಯ ಕ್ಲಚ್ಚೇ ಜಾರುತ್ತದೆ. ಏರು ಬಂದರೆ ಸಾಕು, ಇಂಜಿನ್ ಓಣಿಗೆಲ್ಲ ಕೇಳುವಂತೆ ಅರಚುತ್ತದೆ, ಗಾಡಿ ಮಾತ್ರ ಗಬ್ಬದ ಎಮ್ಮೆಯ ಹಾಗೆ ನಡೆಯುತ್ತದೆ. ಪಕ್ಕದ ಪಂಕ್ಚರ್ ಅಂಗಡಿಯವರು ನಗುತ್ತಾರೆ. ದೀಪದ ಬುಡದಲ್ಲಿ ಕತ್ತಲು ಅಂತ ನಮ್ಮವರೂ ಆಡಿಕೊಳ್ಳುತ್ತಾರೆ. ಕಾಕಾ ಯಾರಿಗೂ ಉತ್ತರ ಕೊಡುವುದಿಲ್ಲ. ಉತ್ತರ ನನಗೆ ಗೊತ್ತು. ಆ ಗಾಡಿ ನಮ್ಮಪ್ಪನದು.

ನಾವು ಚಿಂಚೋಳಿ ಕಡೆಯವರು. ನಮ್ಮಪ್ಪ ಮಲ್ಲಣ್ಣ ಹೈದರಾಬಾದಿಗೆ ಮೊದಲು ಬಂದು ಕಟ್ಟಡಗಳಲ್ಲಿ ಸಿಮೆಂಟು ಹೊತ್ತ. ಎರಡು ವರ್ಷದ ಮೇಲೆ ತಮ್ಮನನ್ನು ಕರೆಸಿಕೊಂಡು, "ನೀ ಬುಟ್ಟಿ ಹೊರಬ್ಯಾಡ, ಕೈಕೆಲಸ ಕಲಿ" ಎಂದು ಒಬ್ಬ ಉಸ್ತಾದರ ಬೈಕ್ ಅಂಗಡಿಗೆ ಬಿಟ್ಟ. ಕಾಕಾ ಕಲಿತ. ಕೆಲಸದ ಜೊತೆಗೆ ಉಸ್ತಾದರ ಬಾಯಿಯನ್ನೂ ಕಲಿತ, ಆಮೇಲೆ ತಾನೇ ಹಾಕಿದ ಅಂಗಡಿಗೆ ಬಂದವರು ಬೈಸಿಕೊಳ್ಳದೆ ಹೋಗುವಂತಿಲ್ಲ. "ರೋಗ ಗಾಡ್ಯಾಗ ಇರಂಗಿಲ್ಲ, ಹೊಡಿಯೋ ಮಗನ ಕೈಯಾಗ ಇರ್ತೈತಿ" ಎನ್ನುವುದು ಆತನ ನಿತ್ಯದ ಮಂತ್ರ. ಕ್ಲಚ್ ಪ್ಲೇಟು ಬಿಚ್ಚಿ ನೋಡಿ, ಇವನು ಸಿಗ್ನಲ್‌ನಲ್ಲಿ ಹೇಗೆ ನಿಲ್ಲುತ್ತಾನೆ, ಹಿಂದೆ ಎಷ್ಟು ಮಂದಿಯನ್ನು ಕೂರಿಸಿಕೊಳ್ಳುತ್ತಾನೆ ಎಲ್ಲ ಹೇಳಿಬಿಡುತ್ತಿದ್ದ.

ಅಪ್ಪ ಆಮೇಲೆ ನಾಚಾರಂನ ಒಂದು ಲೇತ್ ಶೆಡ್ಡಿಗೆ ಸೇರಿಕೊಂಡ. ಅಲ್ಲಿ ತಯಾರಾದ ಕಬ್ಬಿಣದ ಸಾಮಾನನ್ನು ಬೈಕಿನ ಎರಡೂ ಬದಿಯ ಚೀಲಕ್ಕೆ ತುಂಬಿಕೊಂಡು ಜೀಡಿಮೆಟ್ಲಾದ ಕಾರ್ಖಾನೆಗಳಿಗೆ ಮುಟ್ಟಿಸುವುದು ಅವನ ಕೆಲಸ. ಗಾಡಿ ಇದ್ದರೆ ಕೆಲಸ, ಇಲ್ಲದಿದ್ದರೆ ಐವತ್ತರ ವಯಸ್ಸಿನಲ್ಲಿ ಮತ್ತೆ ಸಿಮೆಂಟು ಬುಟ್ಟಿ. ಆ ಗಾಡಿಯನ್ನು ಅವನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ, ತಮ್ಮನೊಬ್ಬನನ್ನು ಬಿಟ್ಟು.

ನಾನು ಡಿಗ್ರಿ ಎರಡನೆಯ ವರ್ಷದಲ್ಲಿದ್ದಾಗ, ಒಂದು ಬೆಳಿಗ್ಗೆ ಅಪ್ಪ ಅಂಗಿಯ ಬಲತೋಳು ಮುಂದೆ ಚಾಚಿ, "ದಾನವ್ವ, ಈ ಗುಂಡಿ ಹಾಕು" ಎಂದ. ಬಲತೋಳಿನ ಗುಂಡಿ ಹಾಕುವುದು ಎಡಗೈ ಕೆಲಸವಲ್ಲವೇ? ಅವನ ಎಡಗೈ ಬೆರಳುಗಳು ಗುಂಡಿಯನ್ನು ಹಿಡಿಯಲಾರದೆ ಜಾರುತ್ತಿದ್ದವು. ಅವತ್ತಿನಿಂದ ದಿನವೂ ನಾನೇ ಹಾಕಿದೆ. ದವಾಖಾನೆಗೆ ಒಬ್ಬನೇ ಹೋಗಿ ಬಂದ. ಕುತ್ತಿಗೆಯ ನರ ಒತ್ತಿದೆ, ಬೈಕ್ ಓಡಿಸುವುದನ್ನು ನಿಲ್ಲಿಸಬೇಕು ಎಂದಿದ್ದರಂತೆ. ಆ ಚೀಟಿಯನ್ನು ನನಗೊಬ್ಬಳಿಗೇ ತೋರಿಸಿ, ನನ್ನ ಪುಸ್ತಕದ ನಡುವೆ ಇಡಿಸಿದ.

"ನಿಮ್ಮವ್ವಗ ಹೇಳಬ್ಯಾಡ. ಕಾಕಾಗಂತೂ ಹೇಳಲೇಬ್ಯಾಡ, ಕೀಲಿ ಕಸಗೊಂಡು ಕುಂದ್ರತಾನ. ನಿನ್ನ ಪರೀಕ್ಷೆ ಮುಗೀಲಿ, ನಾನ ಹೇಳ್ತೀನಿ" ಎಂದ. ನಾನು ಆಣೆ ಇಟ್ಟೆ. ಅಪ್ಪನ ಗುಟ್ಟು ನನ್ನೊಬ್ಬಳ ಹತ್ತಿರ ಇದೆ ಎಂದು ಒಳಗೊಳಗೇ ಹೆಮ್ಮೆ ಕೂಡ ಪಟ್ಟೆ. ಆ ಹೆಮ್ಮೆಗೆ ಈಗ ಬೆಂಕಿ ಹಚ್ಚಬೇಕು ಅನಿಸುತ್ತದೆ.

ಪರೀಕ್ಷೆ ಹತ್ತಿರ ಬಂದ ಹೊತ್ತಿಗೆ ಬಾಲಾನಗರದ ಫ್ಲೈಓವರ್ ಹತ್ತುವಾಗ ಗಾಡಿ ಜಾರತೊಡಗಿತು. ಅಪ್ಪ ಅದನ್ನು ಕಾಕಾನ ಅಂಗಡಿಗೆ ಒಯ್ದ. ಅವತ್ತು ಅಲ್ಲಿ ನಡೆದದ್ದನ್ನು ಕಾಕಾ ನನಗೆ ಎಷ್ಟು ಸಲ ಹೇಳಿದ್ದಾನೆಂದರೆ, ನಾನೇ ನಿಂತು ನೋಡಿದಂತಾಗಿದೆ. ಕ್ಲಚ್ ಕೇಬಲ್ ಸ್ವಲ್ಪ ಸಡಿಲ ಇರಬೇಕು, ಆದರೆ ಅದರ ತಿರುಪನ್ನು ಯಾರೋ ಪೂರ್ತಿ ಬಿಗಿದಿದ್ದರು. ಹಾಗೆ ಬಿಗಿದರೆ ಎಡಗೈಯ ಲಿವರ್ ಒಂದಿಷ್ಟು ಎಳೆದರೂ ಸಾಕು, ಆದರೆ ಪ್ಲೇಟುಗಳು ಒಂದಕ್ಕೊಂದು ಅಂಟದೆ ಜಾರಿ ಸುಡುತ್ತವೆ.

"ಯಾವ ಶಾಣ್ಯಾ ತಿರುವ್ಯಾನಣ್ಣಾ ಇದನ್ನ?" ಎಂದು ಕಾಕಾ ರೇಗಿದ.

"ಯಾರೋ ತಿರುವಿರಬೇಕು ಬಿಡೋ" ಎಂದು ಅಪ್ಪ ನಕ್ಕ.

ಕಾಕಾ ತಿರುಪನ್ನು ಸರಿಮಾಡಿದ. ಹೊಸ ಪ್ಲೇಟು ಹಾಕಿದ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತೋ ಏನೋ. ಅಣ್ಣನ ಗಾಡಿ, ಮೇಲೆ ಕಬ್ಬಿಣದ ಹೇರು ಎಂದು, ರೇಸಿನ ಹುಡುಗರು ಹಾಕಿಸಿಕೊಳ್ಳುವ ಗಟ್ಟಿ ಸ್ಪ್ರಿಂಗು ನಾಲ್ಕು ತರಿಸಿ ಕೂರಿಸಿದ. ಮೂವತ್ತು ವರ್ಷ ಪಾನಾ ತಿರುವಿದ ತನ್ನ ಕೈಯಿಂದಲೇ ಲಿವರ್ ಒತ್ತಿ ನೋಡಿ, "ಇನ್ನ ಹತ್ತು ವರ್ಷ ಜಾರಂಗಿಲ್ಲ" ಎಂದ. ಅಪ್ಪ, "ಭಾಳ ಛಲೋ ಆತು" ಎಂದ. ಬಿಚ್ಚಿದ ಹಳೇ ಸಾಮಾನನ್ನು ಗಿರಾಕಿಯ ಕೈಗೇ ಕೊಡುವುದು ಕಾಕಾನ ಅಂಗಡಿಯ ಪದ್ಧತಿ, ಯಾರಿಗೂ ಅನುಮಾನ ಬರಬಾರದೆಂದು. ಹಳೇ ಸ್ಪ್ರಿಂಗು ನಾಲ್ಕನ್ನೂ ಪೇಪರಿನಲ್ಲಿ ಸುತ್ತಿ ಅಣ್ಣನ ಜೇಬಿಗೆ ಹಾಕಿದ.

ಆ ಪೊಟ್ಟಣ ನಮ್ಮ ಮನೆಯ ಗೋಡೆಯ ಮಾಡದಲ್ಲಿ, ವಿಭೂತಿ ಗಟ್ಟಿಯ ಪಕ್ಕ ಕೂತಿತು. ಅಪ್ಪ ಎರಡು ಸಲ ಅದನ್ನು ಊಟದ ಚೀಲಕ್ಕೆ ಹಾಕಿಕೊಂಡು ಹೋಗಿ, ಸಂಜೆ ಮತ್ತೆ ತಂದಿಟ್ಟ.

"ಕಾಕಾಗ ಹಳೇವನ್ನ ಹಾಕು ಅಂತ ಹೇಳಬೇಕವ್ವ" ಎಂದ.

"ಹೇಳು ಮತ್ತ" ಎಂದೆ, ಪುಸ್ತಕದಿಂದ ತಲೆ ಎತ್ತದೆ.

"ಯಾಕಂತ ಕೇಳ್ತಾನಲ್ಲ."

ಏನು ಹಳೇವು, ಯಾಕೆ ಹಾಕಬೇಕು ಎಂದು ನಾನು ಕೇಳಲಿಲ್ಲ. ಪರೀಕ್ಷೆಗೆ ನಾಲ್ಕು ದಿನ ಉಳಿದಿತ್ತು.

ಮರುದಿನ ಮಧ್ಯಾಹ್ನ ಹಬ್ಸಿಗುಡಾ ಸಿಗ್ನಲ್‌ನಲ್ಲಿ ಕೆಂಪು ದೀಪ ಇರುವಾಗಲೇ ಅಪ್ಪನ ಗಾಡಿ ಮುಂದಕ್ಕೆ ಎಗರಿ, ಅಡ್ಡ ಬರುತ್ತಿದ್ದ ಲಾರಿಯ ಕೆಳಗೆ ಹೋಯಿತು. ದವಾಖಾನೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಸಿಗ್ನಲ್ ಹಾರಿ ಸತ್ತ ಎಂದು ಜನ ಮಾತಾಡಿಕೊಂಡರು. ಮಣ್ಣಿಗೆ ಬಂದ ನೆಂಟರೂ ಅದನ್ನೇ ಅಂದರು, "ಅಷ್ಟೇನು ಅವಸರ ಇತ್ತು?"

ಹನ್ನೊಂದನೆಯ ದಿನ ಊಟದ ಹೊತ್ತಿಗೆ ಯಾರೋ ಮತ್ತೆ ಆ ಮಾತು ತೆಗೆದರು. ಕಾಕಾ ಎದ್ದು ನಿಂತ.

"ನಮ್ಮಣ್ಣ ಒಂದು ದಿನ ಸಿಗ್ನಲ್ ಮುರಿದವ ಅಲ್ಲ. ಗಾಡ್ಯಾಗೂ ದೋಷ ಇಲ್ಲ, ಠಾಣೆಗೆ ಹೋಗಿ ನೋಡಿ ಬಂದೀನಿ. ಕ್ಲಚ್ ನಾನ ಮಾಡೀನಿ. ಗಟ್ಟಿ ಸ್ಪ್ರಿಂಗು ಹಾಕೀನಿ, ಕಬ್ಬಿಣದಂಗ ನಿಂತೈತಿ."

ನಾನು ನೀರಿನ ಚೊಂಬು ಕೆಳಗಿಟ್ಟೆ. "ಕಾಕಾ, ಸ್ಪ್ರಿಂಗು ಗಟ್ಟಿ ಆದ್ರ ಲಿವರ್ ಒತ್ತಾಕೂ ಗಟ್ಟಿ ಆಗ್ತೈತೇನು?"

"ಆಗದ ಇರ್ತೈತೇನವ್ವ. ಗಂಡಸಿನ ಕೈಗೆ ಅದೇನು ಭಾರ?"

"ಅಪ್ಪಗ ಅಂಗಿ ಗುಂಡಿ ಹಾಕ್ಕೊಳ್ಳಾಕ ಬರ್ತಿದ್ದಿಲ್ಲ ಕಾಕಾ. ಮೂರು ತಿಂಗಳಿಂದ ನಾನ ಹಾಕ್ತಿದ್ದೆ."

ಅವ್ವ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ನಾನು ಒಳಗೆ ಹೋಗಿ ಪುಸ್ತಕದ ನಡುವಿನ ಚೀಟಿ ತಂದೆ, ಮಾಡದಿಂದ ಪೊಟ್ಟಣ ತಂದೆ, ಎರಡನ್ನೂ ಕಾಕಾನ ಕೈಯಲ್ಲಿಟ್ಟೆ. ಹಳೇವನ್ನು ಹಾಕಿಸಬೇಕು ಅಂತಿದ್ದ ಎಂದು ಹೇಳಿದೆ. ಕಾಕಾ ಚೀಟಿ ಓದಿ, ಪೇಪರು ಬಿಚ್ಚಿ ನಾಲ್ಕು ಸ್ಪ್ರಿಂಗನ್ನೂ ಅಂಗೈಗೆ ಸುರಿದುಕೊಂಡ.

"ತಿರುಪು ಅಣ್ಣ ತಾನ ತಿರುವಿದ್ದ" ಎಂದ. "ಅವನ ಗಾಡಿ ಮುಟ್ಟಾವ್ರು ಇನ್ಯಾರಿದ್ರು? ಕೈ ಸೋತೈತಿ ಅಂತ ಹಗುರ ಮಾಡ್ಕೊಂಡಿದ್ದ. ನನ್ನ ಕಣ್ಣ ಮುಂದ ಇತ್ತಲ್ಲವ್ವ. ನಾ ಅದನ್ನ ಗಟ್ಟಿ ಮಾಡಿದೆ, ಸಿಗ್ನಲ್‌ನ್ಯಾಗ ಒತ್ತಿ ಹಿಡಿದ ಲಿವರ್ ಕೈಯಿಂದ ಜಾರಿ ಗಾಡಿ ಎಗರೈತಿ. ಊರ ಮಂದಿ ಕೈ ಎಲ್ಲಾ ನೋಡಿದೆ, ನಮ್ಮಣ್ಣನ ಕೈ ನೋಡಲಿಲ್ಲ."

ಊರಿಗೆಲ್ಲ ಬೈಯುವ ಮನುಷ್ಯ ಅಂಗಳದಲ್ಲಿ ಕೂತು ಹೆಂಗಸರಂತೆ ಎದೆ ಬಡಿದುಕೊಂಡು ಅತ್ತ. ನಾನು ಹತ್ತಿರ ಹೋಗಲಿಲ್ಲ. ಒಂದು ವರ್ಷ ಅವನೊಂದಿಗೆ ಮಾತಾಡಲೂ ಇಲ್ಲ. ತಪ್ಪನ್ನೆಲ್ಲ ಅವನ ಕೊರಳಿಗೆ ಕಟ್ಟಿದ್ದೆ, ನನ್ನ ಪಾಲನ್ನೂ ಸೇರಿಸಿ. ಅವನು ಒಂದು ಸಲವೂ "ನಿನಗ ಗೊತ್ತಿತ್ತಲ್ಲ" ಎನ್ನಲಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

ಪೊಲೀಸರಿಂದ ಬಿಡಿಸಿ ತಂದ ಗಾಡಿಯನ್ನು ಕಾಕಾ ತಿಂಗಳುಗಟ್ಟಲೆ ಕೂತು ನೆಟ್ಟಗೆ ಮಾಡಿದ. ಗಟ್ಟಿ ಸ್ಪ್ರಿಂಗು ಕಿತ್ತು ಹಳೇ ನಾಲ್ಕನ್ನು ಹಾಕಿದ. ತಿರುಪನ್ನು ಅಪ್ಪ ಬಿಗಿದಿದ್ದಂತೆಯೇ ಬಿಗಿದ. ಅಂಗಡಿಯಲ್ಲಿ ಈಗ ಯಾರ ಗಾಡಿಯ ಕ್ಲಚ್ ಮಾಡಿದರೂ ತಾನು ಒತ್ತಿ ನೋಡುವುದಿಲ್ಲ, ಅವರ ಕೈಯಿಂದ ಒತ್ತಿಸುತ್ತಾನೆ. ಅವರು ಒತ್ತುವಾಗ ಬೈಯುವುದನ್ನೂ ನಿಲ್ಲಿಸಿ ಬೆರಳುಗಳನ್ನೇ ನೋಡುತ್ತಾನೆ.

ಹೋದ ತಿಂಗಳು ನನಗೆ ಪಟಾನ್‌ಚೆರುವಿನ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಗಾಡಿ ಕಲಿಸು ಎಂದು ನಾನೇ ಕಾಕಾನ ಅಂಗಡಿಗೆ ಹೋದೆ. ಅವನು ಏನೂ ಕೇಳದೆ ಅಪ್ಪನ ಗಾಡಿಯನ್ನು ಖಾಲಿ ಜಾಗಕ್ಕೆ ತಳ್ಳಿಕೊಂಡು ಬಂದು, ನನ್ನನ್ನು ಕೂರಿಸಿ, ನನ್ನ ಎಡಗೈಯನ್ನು ಲಿವರ್ ಮೇಲಿಟ್ಟ.

"ಒತ್ತವ್ವ" ಎಂದ.

ಒತ್ತಿದೆ. ಎರಡು ಬೆರಳಿಗೇ ಬಂತು. ಹಳೇವೇ ಇದ್ದಿದ್ದರೆ ಅಪ್ಪನಿಗೂ ಬರುತ್ತಿತ್ತು.