ಅಕ್ಕನ ಹೆಸರಿಲ್ಲದ ಕ್ಯಾಸೆಟ್

ಬಾದಾಮಿ ಬಸ್ ನಿಲ್ದಾಣದೆದುರಿನ ಕ್ಯಾಸೆಟ್ ಅಂಗಡಿಯ ಸ್ಪೀಕರಿನಲ್ಲಿ ನಮ್ಮಕ್ಕ ಸೋಬಾನ ಪದ ಹಾಡುತ್ತಿದ್ದಳು! ಇಳಕಲ್ಲಿನ ಮನೆಯಲ್ಲಿ ನಾನೇ ಟೇಪ್ ಮಾಡಿದ ಹಾಡದು. ಕೇಳಿ ವಾಪಸ್ ಕೊಡುತ್ತೇನೆಂದು ಹಾಡಿನ ಹುಚ್ಚಿನ ಗೆಳೆಯನೊಬ್ಬ ಒಯ್ದಿದ್ದ. ಈಗ ಅದರ ಪ್ರತಿಗಳು ಮಾರಾಟಕ್ಕಿದ್ದವು, ಚೀಟಿಯ ಮೇಲೆ ಅಂಗಡಿಯ ಹೆಸರಷ್ಟೇ.

“ಹಾಡಿದಾಕಿ ಯಾರ್ರಿ?” ಎಂದೆ.

“ಯಾವಾಕಿಯೋ ಹಳ್ಳಿ ಹೆಣ್ಮಗಳು. ಹೆಸರು ತಗೊಂಡು ಏನ್ಮಾಡ್ತೀರಿ, ಹಾಡು ಕೇಳ್ರಿ,” ಎಂದ ಅಂಗಡಿಯವ.

“ಆಕಿ ನಮ್ಮಕ್ಕ ಅದಾಳ. ಪೆನ್ನು ತಗಿ, ಹೆಸರು ಬರಿ!”

ಸೀರೆ ಮಾರುವ ನಾನು ಚೌಕಾಶಿಯಲ್ಲಿ ಸೋತವನಲ್ಲ. ಅಷ್ಟೂ ಕ್ಯಾಸೆಟ್ಟುಗಳ ಮೇಲೆ ಅಕ್ಕನ ಹೆಸರು ಬರೆಸಿಯೇ ಹೊರಬಿದ್ದೆ.

ಆ ಸಿಟ್ಟು ಇನ್ನೂ ಆರಿಲ್ಲ. ಚೀಟಿ ಯಾರಾದರೂ ಕೀಳಬಹುದು. ಮನೆಯವರ ಹಾಡು ಟೇಪಿಗೆ ತುಂಬಿಸುವವರು ಮೊದಲು ಅವರ ಬಾಯಿಂದಲೇ ಹೆಸರು ಹೇಳಿಸಿರಿ. ಅಕ್ಕ ಈಗ ಟೇಪಿಲ್ಲದ ಮದುವೆಯಲ್ಲೂ ಹೆಸರು, ಊರು ಹೇಳಿಯೇ ಪದ ಎತ್ತುತ್ತಾಳೆ.