ಕದಿರೇಶಣ್ಣನ ಹೆಸರಿನಲ್ಲಿ

ನನ್ನ ತಮ್ಮ ಕದಿರೇಶ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯುವುದು ಹೇಗೂ ಇದ್ದೇ ಇದೆ. ಕುಡಿಯುವುದಿಲ್ಲ, ಇಸ್ಪೀಟು ಮುಟ್ಟಿದವನಲ್ಲ, ಹೆಂಡತಿಯ ಮೇಲೆ ಒಂದು ದಿನವೂ ಕೈ ಎತ್ತಿಲ್ಲ. ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೋಗುವ ರಸ್ತೆಯಲ್ಲಿ ಮಾವಿನ ಕಸಿ ಗಿಡಗಳ ನರ್ಸರಿ ಇಟ್ಟುಕೊಂಡು ಬೆಳಗಿನಿಂದ ಸಂಜೆವರೆಗೆ ಮಣ್ಣಿನಲ್ಲೇ ಇರುತ್ತಾನೆ. ಆದರೆ ಅವನ ಬಾಯಿಂದ ಒಂದು ಮಾತು ಹೊರಡಿಸುವುದು ನಮ್ಮ ಕಡೆ ಬೋರ್‌ವೆಲ್ ಕೊರೆಸಿದ ಹಾಗೆ. ಎಷ್ಟು ಆಳಕ್ಕೆ ಹೋದರೂ ಧೂಳೇ ಬರುತ್ತದೆ.

ನಾನು ಗಂಗರತ್ನಮ್ಮ, ಅವನ ಅಕ್ಕ. ಅಂಗನವಾಡಿಯಲ್ಲಿ ಮಕ್ಕಳನ್ನು ಗದರಿಸಿ ಗದರಿಸಿ ರಿಟೈರಾದವಳು. ನನ್ನ ಯಜಮಾನರು ಹೋದ ಮೇಲೆ ನರ್ಸರಿಯ ಪಕ್ಕದ ಮನೆಗೇ ಬಂದೆ. ಹಾಗಾಗಿ ತಮ್ಮನ ಹೆಂಡತಿ ರಂಜಿತಳ ಬದುಕನ್ನು ಅಂಗಳದಲ್ಲಿ ಕೂತು ನೋಡಿದವಳು ನಾನೇ. ಅವಳ ಬಗ್ಗೆ ಯಾರೂ ಬರೆಯುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ರಂಜಿತ ಸುಗಟೂರಿನವಳು. ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಲೇ ಕೋಲಾರಕ್ಕೆ ಬಸ್ಸಿನಲ್ಲಿ ಓಡಾಡಿ ಬಿ.ಕಾಂ. ಮಾಡಿದ ಹುಡುಗಿ. ಬಾಯಿ ತುಂಬಾ ಮಾತು. ಮದುವೆಯಾಗಿ ಬಂದ ಹೊಸದರಲ್ಲಿ ಗಂಡನ ಹಿಂದೆ ಹಿಂದೆ ಓಡಾಡಿ ಅದು ಇದು ಕೇಳುತ್ತಿದ್ದಳು. ಅವನು ‘ಹೂಂ’ ಅನ್ನುತ್ತಿದ್ದ. ಜಾಸ್ತಿ ಕೇಳಿದರೆ ಅದೂ ಇಲ್ಲ. ನಮ್ಮ ಕಡೆ ಮನೆಮಾತಿನಲ್ಲಿ ಅರ್ಧ ತೆಲುಗು. ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ಪದ್ಧತಿ ಹಿಂದಿನಿಂದಲೂ ಇಲ್ಲ. ತೆಲುಗಿನ ‘ಏಮೇ’ ನಮ್ಮ ‘ಏನೇ’ ಇದ್ದ ಹಾಗೆ, ಅಷ್ಟು ಅಂದರೆ ಮುಗಿಯಿತು, ಅವಳು ಬರಬೇಕು. ಗಂಡನ ಹೆಸರನ್ನಂತೂ ಹೆಂಡತಿ ಬಾಯಲ್ಲಿ ಆಡುವ ಹಾಗೇ ಇಲ್ಲ. ಈಗಿನ ಹುಡುಗಿಯರು ಇದನ್ನೆಲ್ಲ ಎಲ್ಲಿ ಕೇಳುತ್ತಾರೆ? ಆದರೆ ನಮ್ಮಮ್ಮ ಬದುಕಿದ್ದಷ್ಟು ದಿನ ಮನೆಯಲ್ಲಿ ಅದೇ ನಡೆಯಿತು. ಅಮ್ಮ ಹೋದ ಮೇಲೂ ಕದಿರೇಶನ ನಾಲಿಗೆ ಹೊರಳಲಿಲ್ಲ.

ಕೊರೊನಾ ಬಂದು ಗಿಡಗಳೆಲ್ಲ ಮಾರಾಟವಾಗದೆ ಕವರಿನಲ್ಲೇ ಬೇರು ಸುತ್ತಿಕೊಂಡು ನಿಂತಾಗ ರಂಜಿತ ಮೊಬೈಲು ಹಿಡಿದಳು. ಗೂಗಲ್ ಮ್ಯಾಪಿನಲ್ಲಿ ನರ್ಸರಿಯ ಹೆಸರು ಹಾಕಿದಳು. ಯೂಟ್ಯೂಬ್ ನೋಡಿ ಕಲಿತು ವೆಬ್‌ಸೈಟನ್ನೂ ತಾನೇ ಮಾಡಿದಳು. ಬೇರೆಯವರ ವೆಬ್‌ಸೈಟಿನಲ್ಲಿ ಗಿಡದ ಹೆಸರು, ರೇಟು, ಮಾಲೀಕರ ಫೋಟೋ ಇರುತ್ತಿತ್ತು. ಇವಳು ಜನ ಫೋನಿನಲ್ಲಿ ಏನು ಕೇಳುತ್ತಾರೋ ಅದನ್ನೇ ತಲೆಬರಹ ಮಾಡಿ ಒಂದೊಂದು ಪುಟ ಬರೆದಳು. ತಾರಸಿ ಮೇಲೆ ಕುಂಡದಲ್ಲಿ ಮಲ್ಲಿಕಾ ಮಾವು ಬರುತ್ತಾ? ಬೇನಿಷಾ ಗಿಡ ಹೂ ಬಿಟ್ಟು ಉದುರಿಸುತ್ತೆ, ಏನು ಮಾಡಲಿ? ‘ಜನ ಅಂಗಡಿ ಹುಡುಕಲ್ಲ ಅಕ್ಕ, ಅವರ ಕಷ್ಟಕ್ಕೆ ಉತ್ತರ ಹುಡುಕ್ತಾರೆ. ಉತ್ತರ ಎಲ್ಲಿ ಸಿಗುತ್ತೋ ಅಲ್ಲೇ ಗಿಡಾನೂ ತಗೋತಾರೆ’ ಅನ್ನುತ್ತಿದ್ದಳು. ಅವಳು ಅಂದ ಹಾಗೇ ಆಯಿತು. ಮಾಲೂರಿನಿಂದ, ವೇಮಗಲ್ಲಿನಿಂದ, ಹೊಸಕೋಟೆ ಆಚೆಯಿಂದೆಲ್ಲ ಕಾರು ಬಂದು ನಿಲ್ಲತೊಡಗಿದವು.

ಗಿಡ ಕೊಂಡವರು ಗೂಗಲ್ಲಿನಲ್ಲಿ ನಾಲ್ಕು ಮಾತು ಬರೆದು ನಕ್ಷತ್ರ ಕೊಡುತ್ತಾರಲ್ಲ, ಅದಕ್ಕೆ ಮಾಲೀಕರು ಉತ್ತರ ಕೊಡಬೇಕಂತೆ. ಕದಿರೇಶ ಕೊಡುತ್ತಾನೆಯೇ? ರಂಜಿತಳೇ ಅವನ ಹೆಸರಿನಲ್ಲಿ ಕೊಡುತ್ತಿದ್ದಳು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಹಸಿರು ನೆಟ್ಟಿನ ನೆರಳಲ್ಲಿ ನನ್ನ ಪಕ್ಕ ಕೂರುವಳು. ಬರೆದದ್ದನ್ನು ನನಗೆ ಓದಿ ಹೇಳುವಳು. ‘ಮುನಿಯಲ್ಲಪ್ಪನವರೇ, ಗಿಡ ಬಾಡಿತು ಅಂತ ಬೇಜಾರು ಮಾಡ್ಕೋಬೇಡಿ, ನಿಮ್ಮ ತಪ್ಪಲ್ಲ. ಸೊಂಟನೋವು ಅಂದಿದ್ರಲ್ಲ, ಈಗ ಹೇಗಿದೆ? ನೀವು ಬಗ್ಗಬೇಡಿ, ಮೊಮ್ಮಗನ ಕೈಲಿ ನೀರು ಹಾಕ್ಸಿ. ಇಂತಿ, ಕದಿರೇಶ.’ ಬಾಯಲ್ಲಿ ಆಡದ ಗಂಡನ ಹೆಸರನ್ನು ದಿನವೂ ಬೆರಳಿನಿಂದ ಬರೆಯುತ್ತಿದ್ದಳು. ಬರೆಯುವಾಗ ಅವಳ ಮುಖ ನೋಡಬೇಕಿತ್ತು.

ನಾನು ಒಂದು ಸಲ ಚುಡಾಯಿಸಿದೆ. ‘ಏನೇ, ನಿನ್ನ ಗಂಡ ಗೂಗಲ್ಲಲ್ಲಿ ಇಷ್ಟು ಚೆನ್ನಾಗಿ ಮಾತಾಡ್ತಾನೆ, ಮನೇಲಿ ಮಾತ್ರ ಮೂಗ.’

ಅವಳು ನಗಲಿಲ್ಲ. ‘ಅದಕ್ಕೇ ಬರೀತೀನಕ್ಕ. ಇವ್ರು ಹಿಂಗೆ ಮಾತಾಡಿದ್ರೆ ಹೆಂಗಿರುತ್ತೆ ಅಂತ ಗೊತ್ತಾಗುತ್ತಲ್ಲ’ ಅಂದಳು. ಅಲ್ಲಿಂದ ಮೇಲೆ ಆ ವಿಷಯಕ್ಕೆ ತಮಾಷೆ ಮಾಡಲಿಲ್ಲ.

ಹೋದ ಯುಗಾದಿ ಕಳೆದು ಕೆಲವು ದಿನಕ್ಕೆ ಮಾಲೂರಿನ ವೆಂಕಟರತ್ನಮ್ಮ ಎಂಬಾಕೆ ಡಬ್ಬಿಯಲ್ಲಿ ಒಬ್ಬಟ್ಟು ಹಾಕಿಕೊಂಡು ಬಂದರು. ಬಂದವರೇ ‘ಕದಿರೇಶಣ್ಣ ಯಾರು?’ ಎಂದು ಕೇಳಿ ನನ್ನ ತಮ್ಮನ ಮುಂದೆ ನಿಂತರು. ‘ನನ್ನ ಮೊಮ್ಮಗಳಿಗೆ ಜ್ವರ ಬಂದಿದ್ದಾಗ ಎರಡೆರಡು ಸಲ ವಿಚಾರಿಸಿದ್ರಿ. ನನ್ನ ಮಕ್ಕಳೇ ಹಂಗೆ ಕೇಳ್ಲಿಲ್ಲ’ ಎಂದು ಕಣ್ಣೊರೆಸಿಕೊಂಡರು. ಕದಿರೇಶ ಕಕ್ಕಾಬಿಕ್ಕಿಯಾಗಿ ನಿಂತ. ಡಬ್ಬಿ ತೆಗೆದುಕೊಳ್ಳಲು ಕೈ ಕೂಡ ಚಾಚಲಿಲ್ಲ. ಗೊಬ್ಬರ ಇಳಿಸುತ್ತಿದ್ದ ಆಳುಗಳು ಮುಸಿಮುಸಿ ನಕ್ಕರು. ರಂಜಿತಳೇ ಓಡಿಬಂದು ಡಬ್ಬಿ ತೆಗೆದುಕೊಂಡು ಆಕೆಯನ್ನು ಒಳಗೆ ಕೂರಿಸಿದಳು.

ಆಕೆ ಹೋದ ಮೇಲೆ ಅವನು ಬಾಯಿ ಬಿಟ್ಟ. ‘ಊರೋರ ಹೆಂಗಸ್ರಿಗೆಲ್ಲ ನನ್ನ ಹೆಸರಲ್ಲಿ ಕುಶಲ ಕೇಳ್ತೀಯಾ? ನನ್ನ ಮರ್ವಾದೆ ಏನಾಗ್ಬೇಕು?’ ಅಂದ. ಅವನು ಹೆಂಡತಿಗೆ ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಮೈಯೆಲ್ಲ ಉರಿದುಹೋಯಿತು. ‘ಲೋ, ಅವಳಿಂದ್ಲೇ ಕಣೋ ನಿನಗೊಂದು ಮರ್ಯಾದೆ ಬಂದಿರೋದು’ ಎಂದು ಬೈದೆ. ಅವನು ಪೈಪು ಎಳೆದುಕೊಂಡು ಗಿಡಗಳ ಕಡೆ ಹೋದ.

ಮುಂದಿನ ತಿಂಗಳೇ ಬೆಂಗಳೂರಿನ ಒಂದು ಡಿಜಿಟಲ್ ಮಾರ್ಕೆಟಿಂಗ್ ಕಂಪನಿಗೆ ಎಲ್ಲವನ್ನೂ ವಹಿಸಿಬಿಟ್ಟ. ಅಲ್ಲಿಂದ ಕಾಂತರಾಜ್ ಎಂಬ ಹುಡುಗ ಬಂದಿದ್ದ, ಪಾಪ, ವಿನಯವಂತ. ವೆಬ್‌ಸೈಟು ಹೊಸದಾಗಿ ಮಾಡುತ್ತೇವೆ, ಜಾಹೀರಾತು ಓಡಿಸುತ್ತೇವೆ, ರಿವ್ಯೂಗಳಿಗೆ ಕಂಪ್ಯೂಟರೇ ತಕ್ಷಣ ಉತ್ತರ ಹಾಕುವ ಹಾಗೆ ಮಾಡುತ್ತೇವೆ ಎಂದ. ರಂಜಿತ ಕಾಫಿ ಕೊಟ್ಟು ಅಲ್ಲೇ ನಿಂತಿದ್ದಳು.

‘ಜಾಹೀರಾತು, ವೆಬ್‌ಸೈಟು ಎಲ್ಲ ನೀವೇ ಮಾಡ್ಕೊಳ್ಳಿ. ಉತ್ತರ ಕೊಡೋದೊಂದು ನಂಗೆ ಬಿಡಿ’ ಎಂದು ಕೇಳಿದಳು.

ಕಾಂತರಾಜ್ ಕದಿರೇಶನ ಮುಖ ನೋಡಿದ. ಕದಿರೇಶ ನೆಲ ನೋಡಿಕೊಂಡು, ‘ಎಲ್ಲಾ ನೀವೇ ನೋಡ್ಕೊಳ್ಳಿ ಸಾರ್’ ಅಂದ. ಅವತ್ತು ಸಂಜೆಗೇ ಪಾಸ್‌ವರ್ಡು ಬದಲಾಯಿತು.

ಆಮೇಲೆ ಮಧ್ಯಾಹ್ನಗಳಲ್ಲಿ ರಂಜಿತ ನನ್ನ ಪಕ್ಕ ಸುಮ್ಮನೆ ಕೂರುತ್ತಿದ್ದಳು. ವ್ಯಾಪಾರವೇನೋ ಚೆನ್ನಾಗಿಯೇ ನಡೆಯಿತು, ಸುಳ್ಳೇಕೆ ಹೇಳಲಿ. ಆದರೆ ಮನೆಯಲ್ಲಿ ಅವಳ ದನಿ ಇಳಿಯುತ್ತಾ ಬಂತು. ‘ಅಕ್ಕ, ಮೊದಲು ದಿನಕ್ಕೊಂದು ಹೊತ್ತಾದ್ರೂ ಇವ್ರ ಜೊತೆ ಮಾತಾಡ್ದಂಗೆ ಇರ್ತಿತ್ತು’ ಅಂದಳು ಒಂದು ದಿನ. ನಾನು ಅವಳ ತಲೆ ಸವರಿದೆ.

ಕೊನೆಗೆ ಅವಳಿಗೊಂದು ಉಪಾಯ ಹೊಳೆಯಿತು. ತನ್ನ ಸ್ವಂತ ಹೆಸರಿನಲ್ಲೇ ನಮ್ಮ ನರ್ಸರಿಗೆ ರಿವ್ಯೂ ಬರೆದಳು. ಬರೆದು ನನಗೆ ತೋರಿಸಿದಳು. ‘ನಾನು ಇಲ್ಲಿಗೆ ಬಂದು ಬಹಳ ವರ್ಷವಾಯಿತು. ಗಿಡಗಳನ್ನು ಮಕ್ಕಳ ಹಾಗೆ ನೋಡಿಕೊಳ್ಳುತ್ತಾರೆ. ಯಜಮಾನರು ಒಳ್ಳೆಯವರು, ಕಷ್ಟಪಟ್ಟು ದುಡಿಯುತ್ತಾರೆ. ಒಂದೇ ಕೊರತೆ, ಮಾತಾಡಿಸುವುದಿಲ್ಲ. ಒಂದು ಸಲ ಹೆಸರು ಹಿಡಿದು ಮಾತಾಡಿಸಿದರೆ ಸಾಕು.’ ಐದರಲ್ಲಿ ನಾಲ್ಕು ನಕ್ಷತ್ರ ಕೊಟ್ಟಿದ್ದಳು.

‘ಇವ್ರ ಫೋನಿಗೂ ಬರುತ್ತಕ್ಕ. ಬಾಯಲ್ಲಿ ಹೇಳಿದ್ರೆ ಕೇಳಲ್ಲ, ಗಿರಾಕಿ ಹೇಳಿದ್ರೆ ಓದೇ ಓದ್ತಾರೆ’ ಅಂದಳು. ಬಹಳ ದಿನದ ಮೇಲೆ ಅವಳ ಕಣ್ಣಲ್ಲಿ ಆಸೆ ಕಂಡಿತು. ನನಗೂ ಆಸೆಯಾಯಿತು.

ನಾನು ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಅವಳ ಮೊಬೈಲು ಸದ್ದು ಮಾಡಿತು. ನೋಡಿದವಳೇ ಎರಡೂ ಕೈಯಲ್ಲಿ ಹಿಡಿದುಕೊಂಡು ‘ಅಕ್ಕ, ಹೆಸರು ಹಾಕವ್ರೆ’ ಅಂದಳು. ಕನ್ನಡಕ ಏರಿಸಿಕೊಂಡು ನಾನೂ ಓದಿದೆ. ‘ಪ್ರಿಯ ರಂಜಿತ ಅವರೇ, ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು. ನಿಮ್ಮ ಸಂತೋಷವೇ ನಮ್ಮ ಗುರಿ. ಮತ್ತೆ ಭೇಟಿ ಕೊಡಿ. ಇಂತಿ, ಕದಿರೇಶ.’

ಅವಳ ಬೆರಳು ಮೇಲಕ್ಕೆ ಸರಿಯಿತು. ಅಲ್ಲಿ ಯಾರೋ ಶ್ಯಾಮಲಮ್ಮನಿಗೂ ಅದೇ ಉತ್ತರ. ಅದರ ಮೇಲಿನವರಿಗೂ ಅದೇ, ಹೆಸರು ಮಾತ್ರ ಬೇರೆ. ರಂಜಿತ ಮತ್ತೆ ಕೆಳಗೆ ಬಂದು ತನ್ನದನ್ನೇ ನೋಡುತ್ತಾ ಕೂತಳು.

ನನಗೆ ತಡೆಯಲಾಗಲಿಲ್ಲ. ಮೊಬೈಲು ಕಿತ್ತುಕೊಂಡು ಕಸಿ ಕಟ್ಟುತ್ತಿದ್ದ ಕದಿರೇಶನ ಹತ್ತಿರ ಹೋದೆ. ರಂಜಿತ ‘ಬೇಡಕ್ಕ, ಬೇಡ’ ಅನ್ನುತ್ತಾ ಹಿಂದೆಯೇ ಬಂದಳು. ‘ಇದನ್ನ ಓದ್ದೇನೋ?’ ಎಂದು ಅವನ ಮುಖಕ್ಕೆ ಹಿಡಿದೆ.

ಅವನು ಕೈಯ ಮಣ್ಣು ಒರೆಸಿಕೊಂಡು ಇಸಿದುಕೊಂಡ. ನಿಧಾನವಾಗಿ ಓದಿದ. ‘ಯಾರೋ ಕಂಪ್ಲೇಂಟ್ ಹಾಕವ್ರೆ. ಆ ಹುಡುಗ್ರು ನೋಡ್ಕೊಂತಾರೆ ಬಿಡಕ್ಕ’ ಅಂದ. ಆಮೇಲೆ ಹುಬ್ಬು ಗಂಟಿಕ್ಕಿ, ‘ಯಾವ ರಂಜಿತ? ಹೊಸಕೋಟೆಯೋಳಾ?’ ಎಂದು ಕೇಳಿದ.

ಅವನು ನನ್ನ ಮುಖ ನೋಡಿದ, ಮತ್ತೆ ಮೊಬೈಲು ನೋಡಿದ. ಆ ಹೆಸರಿನ ಪಕ್ಕ ಅವಳದೇ ಪುಟ್ಟದೊಂದು ಫೋಟೋ ಇತ್ತು. ಅವನ ಮುಖದಲ್ಲಿ ರಕ್ತವೇ ಇಂಗಿಹೋಯಿತು. ತಲೆ ಎತ್ತಿದಾಗ ನನ್ನ ಹಿಂದೆ ಸೆರಗು ಹಿಡಿದುಕೊಂಡು ರಂಜಿತ ನಿಂತಿದ್ದಳು.

ಅವನು ಬಾಯಿ ತೆರೆದ. ಹೇಳಬೇಕೆಂದು ಅವನಿಗೂ ಇತ್ತು, ಒಡಹುಟ್ಟಿದವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ? ಅವಳೂ ಕಾದಳು.

‘ಏಮೇ’ ಅಂದ.

ಅಷ್ಟೇ. ಅದರ ಮುಂದೆ ಅವಳ ಹೆಸರು ಬರಲಿಲ್ಲ.

‘ಬಂದೆ’ ಅಂದಳು ರಂಜಿತ. ಅವನ ಕೈಯಿಂದ ಮೊಬೈಲು ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿ, ಕಸಿ ಕಟ್ಟುವ ಪಟ್ಟಿಯನ್ನು ಬುಟ್ಟಿಯಿಂದ ಎತ್ತಿ ಅವನಿಗೆ ಕೊಟ್ಟಳು.